ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ: ಓದಿಗೆ ತೊಡಕಾದೀತೇ?

ಪ್ರಶ್ನೆ: ಮಗಳಿಗೆ ನಾಲ್ಕೂವರೆ ವರ್ಷ. ಮನೆಯಲ್ಲಿ ನಾವೂ ಅತ್ತೆಯವರೂ ತುಳು ಮಾತನಾಡುತ್ತೇವೆ. ಅಂಗನವಾಡಿಯಲ್ಲಿ, ನೆರೆಮನೆಗಳಲ್ಲಿ ಮಲಯಾಳ. ಒಂದನೆಯ ತರಗತಿಗೆ ಕನ್ನಡ ಮಾಧ್ಯಮಕ್ಕೇ ಸೇರಿಸುವುದೆಂದು ನಿಶ್ಚಯಿಸಿದ್ದೇವೆ. ವಿಜಯದಶಮಿಯಂದು ಅಕ್ಷರಾಭ್ಯಾಸ ಮಾಡಿಸಿದರೂ ಅವಳು ಅ, ಆ ತಿದ್ದಲು ಕೂರುವುದಿಲ್ಲ, ಸಿಕ್ಕಿದಲ್ಲೆಲ್ಲ ಗೀಚುತ್ತಾಳೆ. ಈಗಲೇ ಮನೆಯಲ್ಲಿ ತುಳು ಬಿಟ್ಟು ಕನ್ನಡವನ್ನೇ ಆಡಬೇಕೆಂದು ಕೆಲವರು ಹೇಳುತ್ತಾರೆ. ಏನು ಮಾಡಲಿ?
– ಒಬ್ಬ ತಾಯಿ, ಬದಿಯಡ್ಕ (ಕಾಸರಗೋಡು ಜಿಲ್ಲೆ)

ಉತ್ತರ: ದಯವಿಟ್ಟು ತುಳು ಬಿಡಬೇಡಿ. ಓದಿನ ತಳಪಾಯ ಬೀಳುವುದು ಸ್ಲೇಟಿನ ಮೇಲಲ್ಲ, ಮಾತಿನಲ್ಲಿ. ಅತ್ತೆಯವರು ರಾತ್ರಿ ತುಳುವಿನಲ್ಲಿ ಕಥೆ ಹೇಳುವಾಗ ನಡುವೆ ತಡೆದು "ಹುಲಿ ಯಾಕೆ ಬಂತು, ಆಮೇಲೆ ಏನಾಯಿತು" ಎಂದು ಕೇಳುವ ಮಗು ಘಟನೆಗಳ ಕ್ರಮವನ್ನೂ ಕಾರಣವನ್ನೂ ಹಿಡಿಯಲು ಕಲಿಯುತ್ತಿರುತ್ತದೆ. ಮುಂದೆ ಕನ್ನಡದ ಪಾಠವನ್ನು ಅರ್ಥ ಮಾಡಿಕೊಳ್ಳಲು ಬೇಕಾದದ್ದೂ ಅದೇ ಅಭ್ಯಾಸ. ಹಿರಿಯರು ತಮಗೆ ಸಲೀಸಲ್ಲದ ಭಾಷೆಗೆ ಹೊರಳಿದರೆ ಕಥೆ ನಿಂತುಹೋಗಿ "ಬಾ, ಉಣ್ಣು, ಮಲಗು" ಎಂಬಷ್ಟೇ ಮಾತು ಉಳಿಯುತ್ತದೆ. ನನಗೆ ನಿಜವಾಗಿ ಕಳವಳ ಹುಟ್ಟಿಸುವುದು ಈ ನಷ್ಟ.

ಗೀಚುವುದನ್ನು ತಡೆಯಬೇಡಿ. ಶಾಲೆಗೆ ಸೇರುವ ಮೊದಲೇ ಮಕ್ಕಳಲ್ಲಿ ಮೊಳೆಯುವ ಓದುಬರಹವನ್ನು ನ್ಯೂಜಿಲೆಂಡಿನ ಮೇರಿ ಕ್ಲೇ 1960ರ ದಶಕದಲ್ಲಿಯೇ ಅಧ್ಯಯನ ಮಾಡಿ ತೋರಿಸಿದ್ದಾರೆ. ಹಾಲಿನ ಸೊಸೈಟಿಯ ಪುಸ್ತಕದಲ್ಲಿ ಅಪ್ಪ ಲೀಟರಿನ ಲೆಕ್ಕ ಬರೆಯುವುದನ್ನು ನೋಡಿದ ಮಗು ಕ್ಯಾಲೆಂಡರಿನ ಹಿಂಬದಿಯಲ್ಲಿ ಸಾಲಾಗಿ ಗೆರೆ ಎಳೆದು "ಇದು ನನ್ನ ಲೆಕ್ಕ" ಎಂದರೆ, ಬರಹಕ್ಕೆ ಅರ್ಥವಿದೆಯೆಂಬುದು ಅದಕ್ಕೆ ತಿಳಿದಿದೆ ಎಂದಾಯಿತು. ಏನು ಬರೆದೆ ಎಂದು ಕೇಳಿ, ಅವಳು ಹೇಳಿದ್ದನ್ನು ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿ.

ಅಕ್ಷರಕ್ಕೆ ಅವಸರ ಬೇಡ. ಸ್ವರ, ವ್ಯಂಜನಗಳ ಜೊತೆಗೆ ಕಾಗುಣಿತ, ಒತ್ತಕ್ಷರಗಳೂ ಸೇರಿ ಕನ್ನಡದಲ್ಲಿ ಕಲಿಯಬೇಕಾದ ರೂಪಗಳು ನೂರಾರು ಇವೆ. ಅವೆಲ್ಲ ಕೈವಶವಾಗಲು ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ ಹಿಡಿಯುತ್ತವೆಂಬುದನ್ನು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ತೋರಿಸಿದೆ. ಈಗ ಬೇಕಾದದ್ದು ಕಿವಿಯ ತಯಾರಿ. ತೆಂ-ಗಿ-ನ-ಕಾ-ಯಿ ಎಂದು ಚಪ್ಪಾಳೆ ತಟ್ಟಿ ಬಿಡಿಸಿ ಹೇಳಿಸಿ. ಲಿಪಿಯ ಒಂದೊಂದು ಅಕ್ಷರವೂ ಸಾಮಾನ್ಯವಾಗಿ ಇಂಥದೇ ಒಂದು ತುಣುಕಾದ್ದರಿಂದ ಈ ಆಟ ಮುಂದೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಕನ್ನಡವನ್ನು ತುಳುವಿನ ಜೊತೆಗೆ ಸೇರಿಸಿ: ದಿನಕ್ಕೊಂದು ಚಿತ್ರಪುಸ್ತಕವನ್ನು ಸಾಲಿನ ಕೆಳಗೆ ಬೆರಳಿಟ್ಟು ಓದಿ, ಕೇಳಿದರೆ ಅದನ್ನೇ ನಾಳೆಯೂ ಓದಿ.

ನಿಮ್ಮ ಶಾಲೆಯ ಆಯ್ಕೆಯ ಕುರಿತು ಅಳುಕಬೇಕಾಗಿಲ್ಲ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ರಾಜ್ಯಗಳು ಅನುಕೂಲ ಒದಗಿಸಲು ಯತ್ನಿಸಬೇಕೆಂಬ 350ಎ ವಿಧಿ ಸಂವಿಧಾನಕ್ಕೆ ಸೇರಿದ್ದು, ಕಾಸರಗೋಡು ಕೇರಳಕ್ಕೆ ಸೇರಿದ 1956ರಲ್ಲಿಯೇ.

ಪ್ರಶ್ನೆ: ನಾನು ಕಲಿತದ್ದು ಮಲಯಾಳ ಮಾಧ್ಯಮದಲ್ಲಿ. ಕನ್ನಡ ಮಾತನಾಡುತ್ತೇನೆ, ಓದಲು ಬಾರದು. ಐದು ವರ್ಷದ ಮಗನಿಗೆ ಹೇಗೆ ನೆರವಾಗಲಿ?
– ಒಬ್ಬ ತಂದೆ, ಉಪ್ಪಳ

ಉತ್ತರ: ಕನ್ನಡದ ಚಿತ್ರಪುಸ್ತಕ ತೆರೆದು ಚಿತ್ರಗಳನ್ನು ನೋಡುತ್ತ ನಿಮ್ಮ ಮಾತಿನಲ್ಲೇ ಕಥೆ ಕಟ್ಟಿ ಹೇಳಿ. ಮಲಯಾಳ ಪತ್ರಿಕೆಯನ್ನು ಅವನ ಎದುರಿಗೇ ಓದಿ, ಒಂದೆರಡು ಸುದ್ದಿಯನ್ನು ಅವನಿಗೆ ತಿಳಿಯುವಂತೆ ಕನ್ನಡದಲ್ಲಿ ಹೇಳಿ. ಮನೆಯಲ್ಲಿ ಓದುವವರನ್ನು ಕಂಡ ಮಗುವಿಗೆ ಓದು ಪರಕೀಯವಾಗುವುದಿಲ್ಲ. ಅವನು ಶಾಲೆಯಲ್ಲಿ ಕಲಿತ ಅಕ್ಷರಗಳನ್ನು ಸಂಜೆ ನಿಮಗೆ ಕಲಿಸಲಿ. ನೀವು ನಿಜವಾಗಿಯೂ ಕಲಿಯಿರಿ, ಮಕ್ಕಳಿಗೆ ನಟನೆ ಬೇಗ ತಿಳಿಯುತ್ತದೆ.