ಕಾಸ್‌ಪ್ಲೇ ವಿಗ್‌ನ ಸ್ಪೈಕ್‌ಗಳು ದಿನವಿಡೀ ನಿಲ್ಲಬೇಕಾದರೆ ಏನು ಮಾಡಬೇಕು?

ಆಗಸ್ಟ್‌ನಲ್ಲಿ ಟೋಕಿಯೊದಲ್ಲಿ ನಡೆಯುವ ಕಾಮಿಕ್ಸ್ ಅಭಿಮಾನಿಗಳ ದೊಡ್ಡ ಮೇಳ ಕಾಮಿಕೆಟ್‌ಗೆ ಫೈನಲ್ ಫ್ಯಾಂಟಸಿ 7 ವಿಡಿಯೊ ಗೇಮ್‌ನ ನಾಯಕ ಕ್ಲೌಡ್‌ನ ವೇಷದಲ್ಲಿ ಹೋಗಬೇಕು, ಒಂದು ಕ್ಯಾನ್ ಹೇರ್ ಸ್ಪ್ರೇ ಖಾಲಿ ಮಾಡಿದರೂ ಸ್ಪೈಕ್‌ಗಳು, ಅಂದರೆ ಮುಳ್ಳಿನ ಹಾಗೆ ಚೂಪಾಗಿ ನಿಲ್ಲಬೇಕಾದ ಕೂದಲ ಗೊಂಚಲುಗಳು, ಜೋತುಬೀಳುತ್ತವೆ ಎಂದು ಕೇಳಿದ್ದೀರಿ. ಸ್ಪ್ರೇ ಸಾಲದೆ ಹೀಗಾಗುತ್ತಿಲ್ಲ, ಜಾಸ್ತಿಯಾಗಿಯೇ ಆಗುತ್ತಿದೆ. ಆ ಭಾರಕ್ಕೇ ಕೂದಲು ಬಾಗುತ್ತದೆ. ಬಲ ಕೊಡಬೇಕಾದದ್ದು ಬುಡಕ್ಕೆ.

ವಿಗ್ ಒಳಮಗ್ಗುಲು ಮಾಡಿ ನೋಡಿ. ಕೂದಲನ್ನು ಅಡ್ಡ ಸಾಲುಗಳಲ್ಲಿ ಪಟ್ಟಿ ಪಟ್ಟಿಯಾಗಿ ಹೊಲಿದಿರುತ್ತಾರೆ. ಒಂದೇ ಸಾಲಿನ ಕೂದಲನ್ನು ಎತ್ತಿ ನಿಲ್ಲಿಸಿದರೆ ಹೊಲಿಗೆಯ ಜಾಗ ಬಾಗಿಲ ಕೀಲಿನ ಹಾಗೆ ಮಡಚಿಕೊಳ್ಳುತ್ತದೆ, ಮೇಲೆ ಎಷ್ಟು ಸ್ಪ್ರೇ ಹೊಡೆದರೂ ಅಷ್ಟೇ. ಹಾಗಾಗಿ ಪ್ರತಿ ಸ್ಪೈಕ್‌ಗೂ ಅಕ್ಕಪಕ್ಕದ ಎರಡು ಮೂರು ಸಾಲುಗಳ ಕೂದಲು ಸೇರಿಸಿ ಹಿಡಿಯಿರಿ. ಬುಡ ಸುಮಾರು 3 ಸೆಂ.ಮೀ. ಅಗಲ ಇರಲಿ.

ಮೊದಲು ವಿಗ್ ಅನ್ನು ಥರ್ಮೊಕೋಲ್ ತಲೆಗೆ ಹಾಕಿ ಹಣೆ, ಎರಡೂ ಕಿವಿ, ಕತ್ತಿನ ಹತ್ತಿರ ಪಿನ್ ಚುಚ್ಚಿ. ಈ ತಲೆಗಳು ಸಾಮಾನ್ಯವಾಗಿ ನಮ್ಮ ತಲೆಗಿಂತ ಚಿಕ್ಕವು. ಬಟ್ಟೆ ಸುತ್ತಿ ನಿಮ್ಮ ಅಳತೆಗೆ ತಂದುಕೊಳ್ಳದಿದ್ದರೆ, ನೀವು ಹಾಕಿಕೊಂಡಾಗ ವಿಗ್ ಹಿಗ್ಗಿ ಸ್ಪೈಕ್‌ಗಳ ದಿಕ್ಕೇ ಬದಲಾಗುತ್ತದೆ. ಲೇಬಲ್‌ನಲ್ಲಿ ಹೀಟ್ ರೆಸಿಸ್ಟೆಂಟ್ ಎಂದಿದ್ದರೂ ಕತ್ತಿನ ಬಳಿಯ ನಾಲ್ಕು ಎಳೆಗೆ ಬಿಸಿ ತಾಗಿಸಿ ನೋಡಿ. ಸುರುಟಿಕೊಂಡು ಒರಟಾದರೆ ಡ್ರೈಯರ್ ಅನ್ನು ದೂರ ಹಿಡಿಯಬೇಕು.

ಕತ್ತಿನ ಕಡೆಯಿಂದ ಶುರುಮಾಡಿ ಮೇಲಕ್ಕೆ ಬನ್ನಿ. ಒಂದು ಗೊಂಚಲು ಎತ್ತಿ ಹಿಡಿದು, ಸಣ್ಣ ಹಲ್ಲಿನ ಬಾಚಣಿಗೆಯಿಂದ ಬುಡದ 4-5 ಸೆಂ.ಮೀ. ಭಾಗವನ್ನು ತುದಿಯಿಂದ ಬುಡದ ಕಡೆಗೆ ಉಲ್ಟಾ ಬಾಚಿ. ಒಳಗೆ ಸಿಕ್ಕುಗಟ್ಟಬೇಕು, ಅದೇ ಸ್ಪೈಕ್‌ನ ಆಧಾರ. 20 ಸೆಂ.ಮೀ. ದೂರದಿಂದ ಬುಡಕ್ಕೆ ಎರಡು ಸಲ ಸ್ಪ್ರೇ ಹೊಡೆದು ಕ್ಯಾನ್ ಆಚೆ ಇಡಿ. ಸ್ಪ್ರೇ ಹೊತ್ತಿಕೊಳ್ಳುವಂಥದ್ದು, ಕಿಟಕಿ ತೆರೆದು ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಡ್ರೈಯರ್ ಹಿಡಿಯಿರಿ. ಡ್ರೈಯರ್ ಆರಿಸಿದ ಮೇಲೂ ಕೈ ಬಿಡಬೇಡಿ. ಈ ನಾರು ಆಕಾರ ಹಿಡಿಯುವುದು ತಣ್ಣಗಾಗುವಾಗ. ಬಿಸಿ ಇರುವಾಗಲೇ ಬಿಟ್ಟರೆ ಪಟ್ಟ ಶ್ರಮವೆಲ್ಲ ನೀರುಪಾಲು. ಕೊನೆಗೆ ಹೊರಗಿನ ತೆಳು ಪದರವನ್ನು ಮಾತ್ರ ನಯವಾಗಿ ಬಾಚಿ ಸಿಕ್ಕನ್ನು ಮುಚ್ಚಿ.

ಉಲ್ಟಾ ಬಾಚಿದಾಗ ಉದ್ದ ತಿಂದುಹೋಗುತ್ತದೆ. 15 ಸೆಂ.ಮೀ. ಸ್ಪೈಕ್ ಬೇಕಾದರೆ ಕನಿಷ್ಠ 20 ಸೆಂ.ಮೀ. ಕೂದಲಿರಬೇಕು. ಕತ್ತರಿಸುವ ಕೆಲಸ ಕೊನೆಗಿರಲಿ, ಅದೂ ಕತ್ತರಿಯನ್ನು ಕೂದಲಿನ ಉದ್ದಕ್ಕೆ ಹಿಡಿದು. ಅಡ್ಡ ಕತ್ತರಿಸಿದರೆ ಪೊರಕೆ ತುದಿ!

ತುದಿ ಚೂಪಾಗಲು ಮರದ ಅಂಟಿಗೆ ಅಷ್ಟೇ ನೀರು ಬೆರೆಸಿ, ಬೆರಳಲ್ಲಿ ಒಂದು ಹನಿ ತೆಗೆದುಕೊಂಡು ಹೊಸೆಯಿರಿ. ನಮ್ಮ ಫೆವಿಕಾಲ್‌ನಂಥ ಬಿಳಿ ಅಂಟು ಜಪಾನಿನಲ್ಲೂ ಸಿಗುತ್ತದೆ. ಕ್ಲೌಡ್‌ನ ಹಳದಿ ಕೂದಲಿಗೆ ಇದು ಸರಿ, ಕಪ್ಪು ವಿಗ್ ಆದರೆ ಬಿಳಿ ಕಲೆ ಕಾಣುತ್ತದೆ, ಅಲ್ಲಿ ಹೇರ್ ಜೆಲ್ ವಾಸಿ. ಒದ್ದೆಯಾದರೆ ಈ ಅಂಟು ಮತ್ತೆ ಮೆತ್ತಗಾಗುತ್ತದೆ, ಆದ್ದರಿಂದ ಬೆವರು ಇಳಿಯುವ ಹಣೆಯಂಚಿಗೆ ಹಚ್ಚಬೇಡಿ.

ನೆತ್ತಿಯ ಹಿಂದಿನ ದೊಡ್ಡ ಸ್ಪೈಕ್‌ಗಳಿಗೆ ಇಷ್ಟು ಸಾಲದು. 5 ಮಿ.ಮೀ. ದಪ್ಪದ ಇವಿಎ ಫೋಮ್‌ (ಹಗುರವಾದ, ಬಾಗುವ ಸ್ಪಂಜಿನಂಥ ಹಾಳೆ) ಬಳಸಿ ಟೊಳ್ಳು ಶಂಕು ಮಾಡಿ, ಕೂದಲಿನದೇ ಬಣ್ಣ ಬಳಿದು, ಬುಡವನ್ನು ಪಟ್ಟಿಗಳಿಗೆ ದಾರದಲ್ಲಿ ಹೊಲಿದು, ಮೇಲೆ ಕೂದಲು ಹೊದಿಸಿ. ಥರ್ಮೊಕೋಲ್ ಶಂಕು ಹಗುರ ನಿಜ, ಆದರೆ ಅಂಟಿಸಲು ಬಳಸುವ ರಬ್ಬರ್ ಸಲ್ಯೂಷನ್ ತಾಗಿದರೆ ಕರಗಿಹೋಗುತ್ತದೆ. ಹಿಂದೆ ಭಾರವಾದಷ್ಟೂ ವಿಗ್ ಹಿಂದಕ್ಕೆ ಜಾರುತ್ತದೆ, ಕಣತಲೆಯ ಹತ್ತಿರ ಎರಡೂ ಕಡೆ, ವಿಗ್‌ನ ಒಳಗೆ, ಒಂದೊಂದು ಕ್ಲಿಪ್ ಹೊಲಿದು, ವಿಗ್‌ನ ಕೆಳಗೆ ತಲೆಗೆ ಹಾಕಿಕೊಳ್ಳುವ ನೆಟ್‌ಗೆ ಸಿಕ್ಕಿಸಿ.

ಇನ್ನೊಂದು ವಿಷಯ. ಕಾಮಿಕೆಟ್‌ಗೆ ಮನೆಯಿಂದಲೇ ವೇಷ ಹಾಕಿಕೊಂಡು ಹೋಗುವಂತಿಲ್ಲ, ಹಾಗೆಯೇ ವಾಪಸ್ ಬರುವಂತೆಯೂ ಇಲ್ಲ. ಅಲ್ಲಿನ ಬಟ್ಟೆ ಬದಲಿಸುವ ಕೋಣೆಯಲ್ಲೇ ವೇಷ ಬದಲಾಯಿಸಬೇಕು. ಅಂದರೆ ವಿಗ್ ರೈಲಿನಲ್ಲಿ ಡಬ್ಬಿಯೊಳಗೆ ಪ್ರಯಾಣ ಮಾಡಬೇಕು. ಸ್ಪೈಕ್‌ಗಳ ಸುತ್ತ 5 ಸೆಂ.ಮೀ. ಜಾಗ ಬಿಡುವ ರಟ್ಟಿನ ಪೆಟ್ಟಿಗೆ ಆರಿಸಿ, ಒಳಗೆ ಊದಿದ ಬಲೂನಿಗೆ ವಿಗ್ ತೊಡಿಸಿ, ಬಲೂನನ್ನು ತಳಕ್ಕೆ ಟೇಪ್ ಹಾಕಿ ಅಂಟಿಸಿ. ಜಪಾನಿನ ಹಲವು ಕಾರ್ಯಕ್ರಮಗಳಲ್ಲಿ ಬಟ್ಟೆ ಬದಲಿಸುವ ಕೋಣೆಯೊಳಗೆ ಸ್ಪ್ರೇ ಬಳಸಲು ಬಿಡುವುದಿಲ್ಲ, ಆದ್ದರಿಂದ ವಿಗ್ ಹಿಂದಿನ ರಾತ್ರಿಯೇ ಪೂರ್ತಿ ಸಿದ್ಧವಾಗಿರಬೇಕು. ಕೈಚೀಲದಲ್ಲಿ ಬಾಚಣಿಗೆ, ನಾಲ್ಕು ಪಿನ್, ಸ್ವಲ್ಪ ಜೆಲ್ ಇದ್ದರೆ ಸಾಕು.