ಕೆಲಸ ಬಿಟ್ಟು ಬಳ್ಳಾರಿಯಲ್ಲಿ ಜೀನ್ಸ್ ಯೂನಿಟ್ ಹಾಕಲಾ? ಸಣ್ಣ ಉದ್ಯಮದಿಂದ ರಾಜ್ಯಕ್ಕೆ ನಿಜವಾಗಿ ಏನಾದರೂ ಆಗುತ್ತಾ?

"ಒಬ್ಬ ದೊಡ್ಡ ಪಾರ್ಟಿ ನನ್ನ ಮಾಲು ಪೂರ್ತಿ ತಗೊಳ್ತೀನಿ ಅಂದಿದ್ದಾರೆ, ಬಂಡವಾಳ ಒಂದು ಸಿಕ್ಕರೆ ಸಾಕು" ಅಂತ ಬರೆದಿದ್ದೀರಲ್ಲ, ಅದನ್ನು ಓದಿ ಮಾಡುತ್ತಿದ್ದ ಕೆಲಸ ಪಕ್ಕಕ್ಕಿಟ್ಟು ಉತ್ತರ ಬರೆಯಲು ಕೂತೆ. 2018ರಲ್ಲಿ ಇದೇ ಮಾತನ್ನು ನಮ್ಮ ಮನೆಯಲ್ಲಿ ನಾನೇ ಆಡಿದ್ದೆ.

ಬೆಂಗಳೂರಿನ ಕೆಲಸ ಬಿಡಬೇಕಾ, 12 ಲಕ್ಷ ಸಾಲ ಬ್ಯಾಂಕಿನಲ್ಲಿ ಮಾಡಬೇಕಾ ಹೊರಗೆ ಮಾಡಬೇಕಾ, ಹತ್ತು ಮಷಿನ್ ಸಾಕಾ, ಇಷ್ಟೆಲ್ಲ ಕೇಳಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಮ್ಮ ಕಥೆ ಕೇಳಿ.

ನಮ್ಮ ಯಜಮಾನರು ಕಟಿಂಗ್ ಮಾಸ್ಟರ್. ಹನ್ನೊಂದು ವರ್ಷ ಬೇರೆಯವರ ಯೂನಿಟ್‌ನಲ್ಲಿ ಕತ್ತರಿ ಹಿಡಿದಿದ್ದರು. ಬ್ರಿಟಿಷರ ದಂಡು ಇದ್ದಾಗ ಸೈನಿಕರ ಬಟ್ಟೆ ಹೊಲಿಯುತ್ತಿದ್ದ ದರ್ಜಿಗಳ ಊರು ನಮ್ಮ ಬಳ್ಳಾರಿ. ಆಮೇಲೆ ಅದೇ ಕೈಗಳು ಜೀನ್ಸ್ ಹಿಡಿದವು. ನಮ್ಮ ಮಾವನವರೂ ದರ್ಜಿ. 2014ರಲ್ಲಿ ಕೌಲ್ ಬಜಾರ್ ಕಡೆ ಒಂದು ಬಾಡಿಗೆ ಶೆಡ್‌ನಲ್ಲಿ ಆರು ಮಷಿನ್ ಹಾಕಿದೆವು. ಅವರು ಕಟಿಂಗ್, ನಾನು ಲೆಕ್ಕ. 2016ರ ನೋಟು ರದ್ದತಿಯಲ್ಲಿ ಒಂದು ತಿಂಗಳು ಕೂಲಿ ಕೊಡಲು ಪರದಾಡಿದೆವು. ಮುಂದಿನ ವರ್ಷ ಜಿಎಸ್‌ಟಿ ಬಂತು, ಅದನ್ನೂ ಕಲಿತುಕೊಂಡೆ. 2018ರ ಹೊತ್ತಿಗೆ ಹದಿನಾಲ್ಕು ಮಷಿನ್ ಆಗಿದ್ದವು.

ಆ ವರ್ಷ ಜೂನ್‌ನಲ್ಲಿ ಹೊರರಾಜ್ಯದ ಒಬ್ಬ ಸಗಟು ವ್ಯಾಪಾರಿ ಬಂದರು. ಮಾಲು ನೋಡಿದರು, ಹೊಲಿಗೆ ಎಳೆದು ನೋಡಿದರು. "ಬೇರೆ ಯಾರಿಗೂ ಕೊಡಬೇಡಿ, ನೀವು ಎಷ್ಟು ಹೊಲಿದರೂ ನನಗೇ ಬೇಕು" ಅಂದರು. ಎಷ್ಟು ಖುಷಿಯಾಯಿತು ಗೊತ್ತಾ? ಅಲ್ಲಿವರೆಗೆ ನಮಗೆ ಏಳೆಂಟು ಜನ ಸಣ್ಣ ಗಿರಾಕಿಗಳಿದ್ದರು. ಒಬ್ಬರು ನೂರು ಪೀಸ್, ಇನ್ನೊಬ್ಬರು ಇನ್ನೂರು. ಅವರ ಹಿಂದೆ ತಿರುಗುವ ಕಷ್ಟ ತಪ್ಪಿತು ಅಂದುಕೊಂಡೆವು. ಒಬ್ಬೊಬ್ಬರನ್ನೇ ಬಿಟ್ಟೆವು.

ಮೊದಲ ಲಾಟ್ 1,500 ಪೀಸ್. ಇಪ್ಪತ್ತು ದಿನದಲ್ಲಿ ಹಣ ಬಂತು. ಎರಡನೆಯದು 2,000 ಪೀಸ್. ನಲವತ್ತು ದಿನಕ್ಕೆ ಬಂತು. ಸೆಪ್ಟೆಂಬರ್‌ನಲ್ಲಿ 3,000, ದಸರಾಕ್ಕೆ ಮುಂಚೆ ಅಕ್ಟೋಬರ್ ಮೊದಲ ವಾರದಲ್ಲಿ 2,500 ಕಳಿಸಿದೆವು. ಪೀಸಿಗೆ 310 ರೂಪಾಯಿ. ಎರಡೂ ಸೇರಿ 17 ಲಕ್ಷ 5 ಸಾವಿರ. ದೀಪಾವಳಿಗೆ 2 ಲಕ್ಷ ಹಾಕಿದರು. ಅಷ್ಟೇ. ಆಮೇಲೆ "ಅಂಗಡಿಯವರು ಇನ್ನೂ ಕೊಟ್ಟಿಲ್ಲ" ಅಂದರು. ಜನವರಿಯಲ್ಲಿ "ವಾಷಿಂಗ್‌ನಲ್ಲಿ ಶೇಡ್ ಹೊಂದಿಲ್ಲ, ಮಾಲು ವಾಪಸ್ ಬರ್ತಿದೆ" ಅಂದರು. ಒಂದು ಪೀಸೂ ವಾಪಸ್ ಬರಲಿಲ್ಲ. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು.

ಈಗ ನನ್ನ ತಪ್ಪು ಹೇಳುತ್ತೇನೆ. ಉದ್ರಿ ಕೊಟ್ಟದ್ದು ನನ್ನ ತಪ್ಪಲ್ಲ. ಈ ದಂಧೆಯಲ್ಲಿ ಉದ್ರಿ ಇಲ್ಲದೆ ಒಂದು ಪ್ಯಾಂಟೂ ಮಾರಾಟವಾಗಲ್ಲ. ಒಬ್ಬರಿಗೇ ಪೂರ್ತಿ ಕೊಟ್ಟದ್ದು ತಪ್ಪು ಹೌದು, ಆದರೆ ಅದೂ ನನ್ನನ್ನು ಮುಳುಗಿಸಲಿಲ್ಲ. ಮುಳುಗಿಸಿದ್ದು ನಾನು ಮಾಡಿಸದೆ ಬಿಟ್ಟ ಒಂದು ನೋಂದಣಿ.

2017ರಲ್ಲಿ ಜಿಎಸ್‌ಟಿ ಮಾಡಿಸುವಾಗ ಒಬ್ಬ ಏಜೆಂಟ್ ನಮ್ಮ ಶೆಡ್‌ಗೆ ಬಂದಿದ್ದ. "ಅಕ್ಕಾ, ಉದ್ಯೋಗ್ ಆಧಾರ್ ಅಂತ ಇದೆ, ಸಣ್ಣ ಉದ್ಯಮದ ಸರ್ಕಾರಿ ನೋಂದಣಿ, ಮಾಡಿಸಿಬಿಡಿ, 1,500 ಕೊಡಿ" ಅಂದ. ಅದು ಏನಕ್ಕೆ ಅಂದೆ. "ಸಬ್ಸಿಡಿ ಸಾಲ ಸಿಗುತ್ತೆ" ಅಂದ. ನಮಗೆ ಸಾಲ ಬೇಡವಾಗಿತ್ತು. ಬೇಡ ಅಂದುಬಿಟ್ಟೆ. ಅದು ಸರ್ಕಾರದ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಆಗುತ್ತೆ, ಮನೆಯಲ್ಲೇ ಕೂತು ಮಾಡಿಕೊಳ್ಳಬಹುದು ಅಂತ ಅವನೂ ಹೇಳಲಿಲ್ಲ, ನಾನೂ ವಿಚಾರಿಸಲಿಲ್ಲ. ಆಮೇಲೆ ಎರಡು ಸಲ ನೆನಪಾಯಿತು. ಒಂದು ಸಲ ಸೀಸನ್ ಇತ್ತು. ಇನ್ನೊಂದು ಸಲ ಆಧಾರ್‌ಗೆ ಜೋಡಿಸಿದ್ದ ಸಿಮ್ ಯಜಮಾನರ ಹಳೆಯ ಫೋನಿನಲ್ಲಿತ್ತು, ಒಟಿಪಿ ಬರಲಿಲ್ಲ. ನಾಳೆ ನೋಡೋಣ ಅಂತ ಬಿಟ್ಟೆ. ಆ ನಾಳೆ ಬಂದದ್ದು 2019ರ ಜೂನ್‌ನಲ್ಲಿ.

ಬಾಕಿ ವಸೂಲಿಗೆ ದಾರಿ ಇದೆಯಾ ಅಂತ ಕೇಳಲು ಆವಾಗ ಒಂದು ಕಚೇರಿಗೆ ಹೋಗಿದ್ದೆ. ಅಲ್ಲಿದ್ದವರು ತುಂಬಾ ಒಳ್ಳೆಯವರು. ಕೂರಿಸಿ, ಬಿಲ್‌ಗಳನ್ನೆಲ್ಲ ನೋಡಿ ವಿವರವಾಗಿ ಹೇಳಿದರು. 2006ರ ಎಂಎಸ್‌ಎಂಇಡಿ ಕಾಯ್ದೆ, ಅಂದರೆ ಅತಿ ಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ ಅಂತ ಇದೆ. ಸಣ್ಣ ಉದ್ಯಮದಿಂದ ಮಾಲು ತಗೊಂಡವರು ಬರವಣಿಗೆಯ ಒಪ್ಪಂದ ಇದ್ದರೂ 45 ದಿನ ಮೀರುವ ಹಾಗಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲೇ ಹಣ ಕೊಡಬೇಕು. ತಡ ಮಾಡಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. ನಮ್ಮ ಹಣ ನಿಂತಾಗ ಬ್ಯಾಂಕ್ ದರ ಶೇ. 6.75 ಇತ್ತು. ಅಂದರೆ ವರ್ಷಕ್ಕೆ ನೂರಕ್ಕೆ 20 ರೂಪಾಯಿಗೂ ಮೇಲೆ. ಇನ್ನೊಂದು ಮಾತು ಕೇಳಿ ನನಗೆ ಜೀವ ಬಂದಂತಾಯಿತು. ಕೊಳ್ಳುವವರು ದೇಶದ ಯಾವ ಮೂಲೆಯಲ್ಲಿದ್ದರೂ ದೂರನ್ನು ನಮ್ಮ ರಾಜ್ಯದ ಫೆಸಿಲಿಟೇಷನ್ ಕೌನ್ಸಿಲ್‌ನಲ್ಲೇ, ಅಂದರೆ ಇಂಥ ಬಾಕಿಯ ತಕರಾರು ತೀರಿಸುವ ಸರ್ಕಾರಿ ಮಂಡಳಿಯಲ್ಲೇ, ಕೊಡಬಹುದು. ಅಲ್ಲಿ ನಮ್ಮ ಪರ ಆದೇಶವಾದರೆ, ಅದನ್ನು ರದ್ದು ಮಾಡಿಸಲು ಕೋರ್ಟಿಗೆ ಹೋಗುವವರು ಮೊದಲು ಆ ಮೊತ್ತದ ಶೇ. 75 ಠೇವಣಿ ಇಡಬೇಕು.

ಎಲ್ಲ ಹೇಳಿ ಮುಗಿಸಿ, "ಎಲ್ಲಿ, ನಿಮ್ಮ ಉದ್ಯೋಗ್ ಆಧಾರ್ ಕೊಡಿ" ಅಂದರು.

ನನ್ನ ಹತ್ತಿರ ಇರಲಿಲ್ಲ. ಅವತ್ತೇ ಸಂಜೆ ಮಾಡಿಕೊಂಡೆ. ಹತ್ತು ನಿಮಿಷ ಹಿಡಿಯಿತು, ಒಂದು ರೂಪಾಯಿ ಖರ್ಚಾಗಲಿಲ್ಲ. ಆದರೆ ಅದರ ಮೇಲೆ ತಾರೀಕು ಇರುತ್ತಲ್ಲ. ಮಾಲು ಹೋದದ್ದು 2018ರಲ್ಲಿ, ನೋಂದಣಿ 2019ರಲ್ಲಿ. ಹಳೆಯ ಬಿಲ್‌ಗೆ ಇದು ನಿಲ್ಲುವುದು ಕಷ್ಟ ಅಂತ ವಕೀಲರೂ ಹೇಳಿದರು. ಮುಂದೆ 2021ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಮಾಲು ಕೊಟ್ಟ ಮೇಲೆ ನೋಂದಣಿ ಮಾಡಿಸಿಕೊಂಡರೆ ಹಿಂದಿನ ಮಾಲಿಗೆ ಕಾಯ್ದೆಯ ಲಾಭ ಸಿಗಲ್ಲ ಅಂತ.

ಆ ವ್ಯಾಪಾರಿ ಬರೆದುಕೊಟ್ಟ ಆರ್ಡರ್ ನಮ್ಮ ಹತ್ತಿರ ಇರಲಿಲ್ಲ. ಬಾಯಿಮಾತು. ಮಾಲು ತಲುಪಿದ್ದಕ್ಕೆ ಅವರ ಸಹಿ ಇರಲಿಲ್ಲ. ಬಿಲ್ ಇತ್ತು, ಆದರೆ "ಶೇಡ್ ಹೊಂದಿಲ್ಲ" ಅನ್ನುವ ಅವರ ಮಾತಿಗೆ ಉತ್ತರ ಕೊಡುವ ಕಾಗದ ಒಂದೂ ಇರಲಿಲ್ಲ. ಪರರಾಜ್ಯದ ಕೋರ್ಟಿಗೆ ಅಲೆಯುವ ಶಕ್ತಿ ಎಲ್ಲಿಂದ ತರೋಣ? 2020ರ ಫೆಬ್ರವರಿಯಲ್ಲಿ 6 ಲಕ್ಷಕ್ಕೆ ರಾಜಿಯಾದೆವು. 9 ಲಕ್ಷ 5 ಸಾವಿರ ಹೋಯಿತು. ಅದರ ಜೊತೆಗೆ, ಕೂಲಿ ಕೊಡಲು ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ 5 ಲಕ್ಷ ತಂದಿದ್ದೆವು. ತಿಂಗಳಿಗೆ 15 ಸಾವಿರ ಬರೀ ಬಡ್ಡಿ. ಹದಿನಾಲ್ಕು ಮಷಿನ್‌ನಲ್ಲಿ ಒಂಬತ್ತನ್ನು ಮಾರಿದೆವು. ನನ್ನ ಬಳೆ ಹೋದವು.

ನೀವು ಕೇಳಿದ ಇನ್ನೊಂದು ಪ್ರಶ್ನೆಗೆ ಉತ್ತರ ಇಲ್ಲೇ ಇದೆ. "ಸಣ್ಣ ಉದ್ಯಮದ ಪಾತ್ರ ದೊಡ್ಡದು ಅಂತ ಎಲ್ಲರೂ ಹೇಳ್ತಾರೆ, ನಿಜಾನಾ? ದೊಡ್ಡ ಕಾರ್ಖಾನೆ ಬಂದರೆ ಸಾಲದಾ?" ಅಂದಿದ್ದೀರಿ. 2015-16ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಇಂಥ ಉದ್ಯಮಗಳು 38 ಲಕ್ಷಕ್ಕೂ ಜಾಸ್ತಿ. ದೇಶದಲ್ಲಿ 6.3 ಕೋಟಿಗೂ ಹೆಚ್ಚು, ಅವುಗಳಲ್ಲಿ ನೂರಕ್ಕೆ 99 ಅತಿ ಸಣ್ಣವು. ಈ ಅಂಕಿಗಳನ್ನು ಭಾಷಣಗಳಲ್ಲಿ ಕೇಳಿರುತ್ತೀರಿ. ನಮ್ಮ ಓಣಿಯಲ್ಲಿ ಅದು ಹೇಗೆ ಕಾಣುತ್ತೆ ಅಂತ ಹೇಳುತ್ತೇನೆ.

ಒಂದು ಜೀನ್ಸ್ ಪ್ಯಾಂಟ್ ಒಂದೇ ಸೂರಿನಡಿ ತಯಾರಾಗಲ್ಲ. ಬಟ್ಟೆಯ ಥಾನು ಅಹಮದಾಬಾದ್ ಕಡೆಯಿಂದ ಬರುತ್ತೆ. ಕಟಿಂಗ್, ಹೊಲಿಗೆ ನಮ್ಮಲ್ಲಿ. ಕಾಜಾ-ಬಟನ್ ಇನ್ನೊಬ್ಬರಲ್ಲಿ. ವಾಷಿಂಗ್ ಮತ್ತೊಂದು ಕಡೆ. ಜಿಪ್ಪು, ದಾರ, ಲೇಬಲ್ ಮಾರುವ ಅಂಗಡಿ ಬೇರೆ. ಟೆಂಪೋದವರು ಬೇರೆ. ಕೊನೆಗೆ ಉಳಿದ ದಾರ ಕತ್ತರಿಸುವುದು ಓಣಿಯ ಹೆಂಗಸರು, ಮನೆಯಲ್ಲೇ, ಅಡುಗೆ ಕೆಲಸದ ನಡುವೆ. ನನ್ನ ಒಂದು ಬಿಲ್ ನಿಂತಾಗ ಇಷ್ಟೂ ಮನೆಗೆ ಹಣ ನಿಂತಿತು. ದಾರ ಕತ್ತರಿಸುವ ಒಬ್ಬ ಅಕ್ಕನಿಗೆ ನಾನು 1,840 ರೂಪಾಯಿ ಕೊಡಬೇಕಿತ್ತು. ಆಕೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಹಣ ಕೇಳುತ್ತಿರಲಿಲ್ಲ. ನೀರು ಕೇಳಿ ಕುಡಿದು ಹೋಗುತ್ತಿದ್ದಳು. ಮೂರು ಸಲ ಹಾಗೆ ಬಂದಳು. 15 ಲಕ್ಷ ಬಾಕಿ ಇಟ್ಟವರಿಗಿಂತ ಆ ಅಕ್ಕನ ಮುಖ ನನಗೆ ಇವತ್ತಿಗೂ ಜಾಸ್ತಿ ಕಾಡುತ್ತೆ. ಆ ವ್ಯಾಪಾರಿಗೆ ಒಂದೂವರೆ ವರ್ಷ ಬಡ್ಡಿ ಇಲ್ಲದ ಸಾಲ ಕೊಟ್ಟಿದ್ದು ನಾನೊಬ್ಬಳೇ ಅಲ್ಲ, ಆಕೆಯೂ ಕೊಟ್ಟಿದ್ದಳು.

ರಾಜ್ಯದ ಆರ್ಥಿಕತೆಯಲ್ಲಿ ನಮ್ಮ ಪಾತ್ರ ಏನು ಅಂದರೆ ಮೊದಲು ಇದನ್ನು ಹೇಳಬೇಕು. ಕೆಲಸ ಕೊಡುತ್ತೇವೆ, ತೆರಿಗೆ ಕಟ್ಟುತ್ತೇವೆ, ಅದೆಲ್ಲ ನಿಜ. ಅದರ ಜೊತೆಗೆ ನಮಗಿಂತ ದೊಡ್ಡವರಿಗೆ ಬಡ್ಡಿ ಇಲ್ಲದೆ ಸಾಲ ಕೊಡುವವರು ನಾವು. ನೀವೇ ಲೆಕ್ಕ ಹಾಕಿ ನೋಡಿ. 38 ಲಕ್ಷ ಉದ್ಯಮಗಳಲ್ಲಿ ಒಬ್ಬೊಬ್ಬರದು ಬರೀ 10 ಸಾವಿರ ನಿಂತರೂ 3,800 ಕೋಟಿ ಆಗುತ್ತೆ. ಆ ಹಣ ಸಕಾಲಕ್ಕೆ ಬಂದರೆ ಎಷ್ಟೋ ಜನಕ್ಕೆ ಸಾಲವೇ ಬೇಡ.

ದೊಡ್ಡ ಕಾರ್ಖಾನೆಯೋ ಸಣ್ಣದೋ ಅಂತ ತಕ್ಕಡಿ ಹಿಡಿಯುವುದನ್ನೇ ನಾನು ಒಪ್ಪಲ್ಲ. ಸಂಡೂರಿನ ಅದಿರು, ತೋರಣಗಲ್ಲಿನ ಉಕ್ಕು ನಮ್ಮ ಜಿಲ್ಲೆಗೆ ಬೇಕು. ನನ್ನ ತಮ್ಮ ಅದಿರು ಲಾರಿಯಲ್ಲೇ ಇದ್ದ. ಆದರೆ 2011ರಲ್ಲಿ ಅಕ್ರಮ ಗಣಿಗಾರಿಕೆಯ ಕಾರಣಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿದಾಗ ಲಾರಿಗಳು ಸಾಲಾಗಿ ನಿಂತವು. ತಮ್ಮನಿಗೆ ಕೆಲಸ ಹೋಯಿತು. ಆಗ ಎರಡೂ ಮನೆ ನಡೆದದ್ದು ನಮ್ಮ ಯಜಮಾನರ ಕತ್ತರಿಯಿಂದ.

ಈಗ ನಿಮ್ಮ ವಿಷಯ. ಸಾಲ ಬ್ಯಾಂಕಿನದೋ ಹೊರಗಿನದೋ ಅಂತ ಕೇಳಿದಿರಿ. ಹೊರಗಿನದು ಬೇಡವೇ ಬೇಡ. ಬ್ಯಾಂಕಿನದೂ ಈಗ ಬೇಡ ಅಂತೀನಿ. ನಿಮಗೆ ಬಂಡವಾಳದ ಸಮಸ್ಯೆ ಇಲ್ಲ. ಬಂಡವಾಳ ಎಲ್ಲಿಂದಲೋ ಹುಟ್ಟುತ್ತೆ. ಕೊಟ್ಟ ಮಾಲಿನ ಹಣ ಯಾವತ್ತು ಬರುತ್ತೆ ಅನ್ನುವುದು ನಿಮಗಿನ್ನೂ ಗೊತ್ತಿಲ್ಲ, ಅದೇ ಸಮಸ್ಯೆ. ಹತ್ತು ಹೊಸ ಮಷಿನ್ ಬದಲು ಮೂರು ಹಳೆಯ ಮಷಿನ್ ತಗೊಳ್ಳಿ. ಮನೆಯವರು ಯಾರಾದರೂ ನೋಡಿಕೊಳ್ಳುವ ಹಾಗಿದ್ದರೆ ಒಂದು ಸೀಸನ್ ಬರೀ ಜಾಬ್ ವರ್ಕ್ ಮಾಡಿ. ಬಟ್ಟೆ ಅವರದು, ಹೊಲಿಗೆ ನಿಮ್ಮದು, ಪೀಸಿಗೆ ಇಷ್ಟು ಅಂತ. ಯಾರು ಶನಿವಾರಕ್ಕೆ ಹಣ ಕೊಡುತ್ತಾರೆ, ಯಾರು ಮುಂದಿನ ಶನಿವಾರ ಅನ್ನುತ್ತಾರೆ ಅಂತ ಅಲ್ಲೇ ತಿಳಿಯುತ್ತೆ. ಅಲ್ಲಿವರೆಗೆ ಕೆಲಸ ಬಿಡಬೇಡಿ.

ಉದ್ಯಮ್ ನೋಂದಣಿ ಮೊದಲ ಪೀಸ್ ಹೊಲಿಯುವ ಮುಂಚೆ ಆಗಿರಲಿ. 2020ರ ಜುಲೈನಿಂದ ಉದ್ಯೋಗ್ ಆಧಾರ್ ಜಾಗಕ್ಕೆ ಇದೇ ಬಂದಿದೆ. ಈಗಲೂ ಪುಕ್ಕಟೆ. 2025ರ ಏಪ್ರಿಲ್‌ನಿಂದ ಯಂತ್ರಗಳಿಗೆ ಹಾಕಿದ ಹಣ 2.5 ಕೋಟಿ, ವಹಿವಾಟು 10 ಕೋಟಿವರೆಗೆ ಇದ್ದರೂ ಮೈಕ್ರೋ, ಅಂದರೆ ಅತಿ ಸಣ್ಣ ಉದ್ಯಮ ಅಂತಲೇ ಲೆಕ್ಕ, ಹಾಗಾಗಿ ನಿಮಗೆ ಧಾರಾಳವಾಗಿ ಸಿಗುತ್ತೆ. ಆ ನಂಬರನ್ನು ಪ್ರತಿ ಬಿಲ್ ಮೇಲೂ ಅಚ್ಚು ಹಾಕಿಸಿ. ತಯಾರಿಸುವವರಿಗೆ, ಜಾಬ್ ವರ್ಕ್ ಮಾಡುವವರಿಗೆ ಬಾಕಿಯ ರಕ್ಷಣೆ ಇದೆ. ಬರೀ ಕೊಂಡು ಮಾರುವವರು ನೋಂದಣಿ ಮಾಡಿಸಿಕೊಂಡರೂ ಅವರಿಗೆ ಅದು ಸಿಗಲ್ಲ, ಇದು ನೆನಪಿರಲಿ.

2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲೂ ಒಂದು ನಿಯಮ ಜಾರಿಯಾಗಿದೆ. ಸಣ್ಣ ಉದ್ಯಮಕ್ಕೆ ಗಡುವಿನೊಳಗೆ ಹಣ ಕೊಡದಿದ್ದರೆ, ಕೊಡುವವರೆಗೆ ಕೊಳ್ಳುವವರು ಅದನ್ನು ಖರ್ಚು ಅಂತ ತೋರಿಸುವ ಹಾಗಿಲ್ಲ. ಇದು ಬಂದ ಮೇಲೆ ಕೆಲವರು ಮಾರ್ಚ್ ಬಂದರೆ ತಾವಾಗಿಯೇ ಹಣ ಹಾಕುತ್ತಿದ್ದಾರೆ. ಒಬ್ಬರು ಮಾತ್ರ "ಉದ್ಯಮ್ ರದ್ದು ಮಾಡಿಸಿ, ಆಗ ಆರ್ಡರ್ ಕೊಡ್ತೀನಿ" ಅಂದರು. ನಾನು ಆ ಆರ್ಡರ್ ಬಿಟ್ಟೆ. ನೀವೂ ಬಿಡಿ.

ವಾಷಿಂಗ್ ಎಲ್ಲಿ ಮಾಡಿಸುತ್ತೀರಿ ಅನ್ನುವುದನ್ನೂ ಮೊದಲೇ ನೋಡಿ. ಬಣ್ಣದ ನೀರನ್ನು ಶುದ್ಧ ಮಾಡದೆ ಚರಂಡಿಗೆ ಬಿಡುವವರ ಹತ್ತಿರ ಕೊಡಬೇಡಿ, ಎರಡು ರೂಪಾಯಿ ಕಡಿಮೆ ಅಂದರೂ ಬೇಡ. ಆ ನೀರು ಹೋಗುವುದು ನಮ್ಮ ಹೊಲಗಳಿಗೇ. ಅಂಥ ಯೂನಿಟ್‌ಗೆ ಬೀಗ ಬಿದ್ದರೆ ನಿಮ್ಮ ಮಾಲೂ ಒಳಗೇ ಉಳಿಯುತ್ತೆ.

ನಮ್ಮಲ್ಲಿ ಉಳಿದಿದ್ದ ಐದು ಮಷಿನ್ ಈಗ ಒಂಬತ್ತಾಗಿವೆ. ಐದು ಗಿರಾಕಿಗಳು. ಯಾರಿಗೂ ಒಟ್ಟು ಮಾಲಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಕೊಡಲ್ಲ. ಬಿಟ್ಟುಬಂದ ಹಳೆಯ ಗಿರಾಕಿಗಳಲ್ಲಿ ಇಬ್ಬರ ಮನೆಗೆ ನಾನೇ ಹೋಗಿ ಕೇಳಿಕೊಂಡೆ. ಅವರು ವಾಪಸ್ ಬಂದರು. ದಾರ ಕತ್ತರಿಸುವ ಅಕ್ಕ ಈಗಲೂ ನಮ್ಮ ಮಾಲನ್ನೇ ಮಾಡುತ್ತಾಳೆ. ಆಕೆಯ ಕೂಲಿ ಪ್ರತಿ ಶನಿವಾರ, ಬೇರೆ ಯಾರದಕ್ಕಿಂತ ಮೊದಲು.

ನಿಮ್ಮ ಆ ಪಾರ್ಟಿಗೆ ನಾಳೆಯೇ ಒಂದು ಫೋನ್ ಮಾಡಿ. ಎಷ್ಟು ಪೀಸ್, ಏನು ರೇಟು, ಎಷ್ಟು ದಿನಕ್ಕೆ ಹಣ, ಇಷ್ಟನ್ನು ಅವರ ಲೆಟರ್‌ಹೆಡ್ ಮೇಲೆ ಬರೆದು ಸಹಿ ಹಾಕಿ ಕೊಡಿ ಅಂತ ಕೇಳಿ. ಏನಂದರು ಅಂತ ಇಲ್ಲೇ ಕೆಳಗೆ ಬರೆಯಿರಿ, ನಾನು ನೋಡುತ್ತೇನೆ.