ನೋವು ಮೊಣಕಾಲಿನದು, ರೋಗ ಸೊಂಟದ್ದು

ಪ್ರಶ್ನೆ: ಡಾಕ್ಟರೇ, ನನ್ನ ಮಗನಿಗೆ 13 ವರ್ಷ, ಎಂಟನೇ ತರಗತಿ, ತೂಕ 74 ಕೆ.ಜಿ. ಗಣೇಶನ ಹಬ್ಬದ ಹೊತ್ತಿಗೆ ಎಡ ಮೊಣಕಾಲು ನೋವು ಎನ್ನತೊಡಗಿದ. ಮೊಣಕಾಲಿನ ಎಕ್ಸ್‌ರೇ ತೆಗೆಸಿದೆವು, ಏನೂ ಇಲ್ಲ ಎಂದರು. ಅತ್ತೆಯವರು ಹರಳೆಣ್ಣೆ ಬಿಸಿ ಮಾಡಿ ತಿಕ್ಕಿದರು. ಆಟದ ಮೇಷ್ಟ್ರು ಸೋಮಾರಿತನವೆಂದು ಮೈದಾನ ಸುತ್ತಿಸಿದರು. ಈಗ ಪಾದವನ್ನು ಹೊರಕ್ಕೆ ತಿರುಗಿಸಿಕೊಂಡು ಕುಂಟುತ್ತಾನೆ. ಮೊನ್ನೆ ಬೇರೊಬ್ಬ ವೈದ್ಯರು ಸೊಂಟದ ಎಕ್ಸ್‌ರೇ ನೋಡಿ, ತೊಡೆಮೂಳೆಯ ಗುಂಡು ಜಾರಿದೆ, ಇವತ್ತೇ ದಾಖಲಾಗಿ, ಸ್ಕ್ರೂ ಹಾಕಬೇಕು ಎಂದರು. ದಿಕ್ಕು ತೋಚದೆ ಮನೆಗೆ ಕರೆದುಕೊಂಡು ಬಂದೆವು. ವಾರ್ಷಿಕ ಪರೀಕ್ಷೆ ಮುಗಿಯುವವರೆಗೆ ಕಾಯಬಹುದೇ? ಸ್ಕ್ರೂ ಹಾಕಿದರೆ ಆ ಕಾಲು ಬೆಳೆಯುವುದಿಲ್ಲವಂತೆ, ನಿಜವೇ? ಮೂಳೆ ಕಟ್ಟುವವರ ಬಳಿ ಎಳೆಸಿದರೆ ಕೂತುಕೊಳ್ಳುವುದಿಲ್ಲವೇ?
– ಒಬ್ಬ ತಾಯಿ, ತಿಪಟೂರು

ಉತ್ತರ: ತಾಯಿ, ಪತ್ರದ ಕೊನೆಯಲ್ಲಿ ನೀವು ಫೋನ್ ನಂಬರ್ ಬರೆದದ್ದು ಒಳ್ಳೆಯದಾಯಿತು. ಈ ಅಂಕಣ ಅಚ್ಚಾಗಿ ನಿಮ್ಮ ಕೈಸೇರಲು ಮೂರು ವಾರ ಬೇಕು. ಅಷ್ಟು ದಿನ ಕಾಯುವ ಕಾಯಿಲೆ ಇದಲ್ಲವೆಂದು ಅಂದು ರಾತ್ರಿಯೇ ಕರೆ ಮಾಡಿದೆ. ಹುಡುಗ ಎಲ್ಲಿದ್ದಾನೆ ಎಂದು ಕೇಳಿದರೆ, ಮಹಡಿಯ ಮೇಲೆ ಓದಿಕೊಳ್ಳುತ್ತಿದ್ದಾನೆ ಎಂದಿರಿ. ಮೆಟ್ಟಿಲಿಳಿಸಬೇಡಿ, ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತು ಇಳಿಸಿ ಎಂದಾಗ ನಿಮಗೆ ಗಾಬರಿಯಾಯಿತು. ಗಾಬರಿಪಡಿಸುವುದೇ ನನ್ನ ಉದ್ದೇಶವಾಗಿತ್ತು, ಕ್ಷಮಿಸಿ. ಮರುದಿನ ದಾಖಲಾಗಿ, ಅದರ ಮರುದಿನ ಶಸ್ತ್ರಚಿಕಿತ್ಸೆ ಆಯಿತೆಂದು ತಿಳಿಸಿದಿರಿ. ಇನ್ನು ಬರೆಯುವುದು ನಿಮ್ಮ ಒಪ್ಪಿಗೆಯಿಂದ, ಇಂಥದೇ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿರುವ ಬೇರೆ ಮನೆಗಳಿಗಾಗಿ.

ತೊಡೆಮೂಳೆಯ ತುದಿಯಲ್ಲಿ ಒಂದು ಗುಂಡು, ಅದರ ಕೆಳಗೆ ಕತ್ತು. ಇವೆರಡರ ನಡುವೆ, ಮೂಳೆ ಬೆಳೆಯುವ ವಯಸ್ಸಿನಲ್ಲಿ, ಮೃದ್ವಸ್ಥಿಯ ತೆಳು ಪಟ್ಟಿಯೊಂದು ಇರುತ್ತದೆ. ಗಾರೆ ಇನ್ನೂ ಹಸಿಯಾಗಿರುವಾಗಲೇ ಗೋಡೆಯ ಮೇಲೆ ಭಾರ ಹೇರಿದರೆ ಇಟ್ಟಿಗೆ ಸರಿಯುತ್ತದಲ್ಲ, ಹಾಗೆ. ಹುಡುಗರು ದಿಢೀರನೆ ಎತ್ತರವಾಗುವ 12–14ರ ವಯಸ್ಸಿನಲ್ಲಿ, ಹುಡುಗಿಯರಲ್ಲಿ ಅದಕ್ಕಿಂತ ಒಂದೆರಡು ವರ್ಷ ಮೊದಲೇ, ಈ ಪಟ್ಟಿ ಬಲಹೀನವಾಗಿರುತ್ತದೆ. ಮೈಭಾರ ಹೆಚ್ಚಿದ್ದರೆ ಅಪಾಯವೂ ಹೆಚ್ಚು. ಗುಂಡು ಜಾರಿದೆ ಎಂದು ನಾವು ಹೇಳುವುದು ಬಾಯಿಮಾತಿಗೆ. ನಿಜವಾಗಿ ಗುಂಡು ತನ್ನ ಬಟ್ಟಲಲ್ಲೇ ಇರುತ್ತದೆ, ಕತ್ತು ಮುಂದಕ್ಕೂ ಮೇಲಕ್ಕೂ ಸರಿಯುತ್ತದೆ. ಕಾಲು ಹೊರಕ್ಕೆ ತಿರುಗುವುದು ಅದಕ್ಕೇ. ವೈದ್ಯರು ಚೀಟಿಯಲ್ಲಿ ಬರೆದ ಸ್ಲಿಪ್ಡ್ ಕ್ಯಾಪಿಟಲ್ ಫೀಮೋರಲ್ ಎಪಿಫಿಸಿಸ್ ಎಂಬ ಉದ್ದನೆಯ ಹೆಸರಿನ ಅರ್ಥ ಇಷ್ಟೇ.

ಹಾಗಾದರೆ ನೋವು ಮೊಣಕಾಲಿಗೆ ಏಕೆ ಬಂತು? ಸೊಂಟದ ಕೀಲಿಗೂ ಮೊಣಕಾಲಿಗೂ ಒಂದೇ ನರದ ಕವಲುಗಳು ಹೋಗುತ್ತವೆ. ಸೊಂಟ ಅತ್ತರೆ ಮಿದುಳಿಗೆ ಅದು ಮೊಣಕಾಲಿನ ಅಳುವಿನಂತೆ ಕೇಳಿಸುತ್ತದೆ. ಇಲ್ಲಿ ನಮ್ಮ ಭಾಷೆಯ ತೊಡಕೂ ಒಂದಿದೆ. ಸೊಂಟ ನೋವಿದೆಯೇ ಎಂದು ಕೇಳಿದರೆ ಮಕ್ಕಳು ಬೆನ್ನಿನ ಕೆಳಗೆ ಕೈಯಿಟ್ಟು ಇಲ್ಲ ಎನ್ನುತ್ತಾರೆ. ತೊಡೆಸಂದಿನಲ್ಲಿ ಕೈಯಿಟ್ಟು ಕೇಳಬೇಕು.

ಮೊದಲು ನೋಡಿದ ವೈದ್ಯರ ಮೇಲೆ ನಿಮಗೆ ಸಿಟ್ಟಿದೆ. ಆ ಸಿಟ್ಟಿಗೆ ನಾನೂ ಅರ್ಹ. 1994ರಲ್ಲಿ ತಾಲ್ಲೂಕು ಆಸ್ಪತ್ರೆಯೊಂದರಲ್ಲಿದ್ದಾಗ 12 ವರ್ಷದ ಹುಡುಗನೊಬ್ಬನ ಮೊಣಕಾಲಿಗೆ ಎರಡು ಸಲ ಎಕ್ಸ್‌ರೇ ತೆಗೆಸಿ, ನೋವಿನ ಮಾತ್ರೆ ಕೊಟ್ಟು ಕಳಿಸಿದ್ದೆ. ಆರು ವಾರಗಳ ಮೇಲೆ ಬಸ್ಸಿನ ಮೆಟ್ಟಿಲಿಳಿಯುವಾಗ ಕುಸಿದ ಅವನನ್ನು ಕಂಬಳಿಯಲ್ಲಿ ಹೊತ್ತು ತಂದರು. ಹತ್ತು ವರ್ಷಗಳ ಹಿಂದೆ ಅವನಿಗೆ ಕೃತಕ ಕೀಲು ಜೋಡಿಸಿದವನೂ ನಾನೇ. ಅಂದಿನಿಂದ ಮೊಣಕಾಲು ನೋವೆಂದು ಬರುವ ಯಾವ ಮಗುವನ್ನೂ ಮಂಚದ ಮೇಲೆ ಮಲಗಿಸಿ ಸೊಂಟದ ಕೀಲನ್ನು ತಿರುಗಿಸಿ ನೋಡದೆ ನಾನು ಚೀಟಿ ಬರೆದಿಲ್ಲ.

ಮಹಡಿಯಿಂದ ಹೊತ್ತು ಇಳಿಸಿ ಎಂದದ್ದಕ್ಕೆ ಕಾರಣವೂ ಆ ಕುಸಿತವೇ. ಕುಂಟುತ್ತಲಾದರೂ, ಊರುಗೋಲು ಹಿಡಿದಾದರೂ ಮಗು ಕಾಲೂರಬಲ್ಲದಾದರೆ ಅದು ಸ್ಥಿರ ಜಾರುವಿಕೆ; ಊರಲಾಗದಿದ್ದರೆ ಅಸ್ಥಿರ. ಅಮೆರಿಕದ ಡಾ. ರಾಂಡಲ್ ಲೋಡರ್ ಮತ್ತು ಸಂಗಡಿಗರು 1993ರಲ್ಲಿ ಈ ವಿಂಗಡಣೆಯನ್ನು ಮುಂದಿಟ್ಟರು. ಅವರು ನೋಡಿದ 30 ಅಸ್ಥಿರ ಕೀಲುಗಳಲ್ಲಿ 14ರ ಗುಂಡು ರಕ್ತವಿಲ್ಲದೆ ಸತ್ತಿತ್ತು. 25 ಸ್ಥಿರ ಕೀಲುಗಳಲ್ಲಿ ಒಂದಕ್ಕೂ ಹಾಗಾಗಿರಲಿಲ್ಲ. ನಿಮ್ಮ ಮಗ ಸ್ಥಿರದ ಕಡೆ ಇದ್ದ. ಒಂದು ಮೆಟ್ಟಿಲು ತಪ್ಪಿದ್ದರೆ ಆ ಕಡೆಗೆ ಹೋಗಿಬಿಡಬಹುದಿತ್ತು. ಪರೀಕ್ಷೆ ಮುಗಿಯಲಿ ಎಂಬ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ.

ಎಳೆಸುವ ಮಾತು. ಮೂಳೆ ಕಟ್ಟುವವರಲ್ಲಿ ಕೈ ಪಳಗಿದವರು ಇದ್ದಾರೆ, ನಾನು ಅವರನ್ನು ಹಗುರವಾಗಿ ಕಾಣುವವನಲ್ಲ. ಆದರೆ ಇದು ಕೈ ಮುರಿದಂತಲ್ಲ. ಗುಂಡಿಗೆ ರಕ್ತ ಒಯ್ಯುವ ಸಣ್ಣ ನಾಳಗಳು ಕತ್ತಿನ ಮೈಗೆ ಅಂಟಿಕೊಂಡೇ ಏರುತ್ತವೆ. ಎಳೆದರೆ ಅವು ತುಂಡಾಗುತ್ತವೆ. ಸ್ಥಿರವಾಗಿದ್ದಾಗ ನಾವು ಶಸ್ತ್ರಚಿಕಿತ್ಸಕರೂ ಎಳೆದು ಕೂರಿಸಲು ಹೋಗುವುದಿಲ್ಲ. ಇದ್ದಲ್ಲೇ, ಸಣ್ಣ ಗಾಯದ ಮೂಲಕ, ಒಂದು ಸ್ಕ್ರೂ ತೂರಿಸಿ ಇನ್ನಷ್ಟು ಜಾರದಂತೆ ನಿಲ್ಲಿಸುತ್ತೇವೆ.

ಕಾಲಿನ ಉದ್ದದ ಬಗ್ಗೆ ನೀವು ಕೇಳಿದ್ದು ಅರ್ಧ ನಿಜ. ಸ್ಕ್ರೂ ಹಾಕಿದ ಪಟ್ಟಿ ಬೇಗ ಮುಚ್ಚಿಕೊಳ್ಳುತ್ತದೆ, ಅದೇ ನಮಗೆ ಬೇಕಾದದ್ದು. ಆದರೆ ಕಾಲಿನ ಬೆಳವಣಿಗೆಯ ಸುಮಾರು ಮೂರನೇ ಎರಡು ಪಾಲು ನಡೆಯುವುದು ಮೊಣಕಾಲಿನ ಆಚೀಚೆ. ಸೊಂಟದ ಪಟ್ಟಿಯದು ವರ್ಷಕ್ಕೆ ಮೂರು ನಾಲ್ಕು ಮಿಲಿಮೀಟರ್ ಅಷ್ಟೆ. 13ರ ಹುಡುಗನಿಗೆ ಕೊನೆಗೆ ಒಂದು ಸೆಂಟಿಮೀಟರ್ ಆಸುಪಾಸು ವ್ಯತ್ಯಾಸ ಉಳಿದೀತು. ಚಪ್ಪಲಿಯೊಳಗೆ ಒಂದು ಅಟ್ಟೆ ಹಾಕಿದರೆ ಮುಗಿಯಿತು.

ಈಗ ಮಾಡಬೇಕಾದದ್ದು: ವೈದ್ಯರು ಹೇಳಿದಷ್ಟು ವಾರ ಊರುಗೋಲು. ಥೈರಾಯ್ಡ್, ವಿಟಮಿನ್ ಡಿ, ಮೂತ್ರಪಿಂಡದ ರಕ್ತಪರೀಕ್ಷೆ ಆಗಿದೆಯೇ ಎಂದು ಕೇಳಿ. ಹಾರ್ಮೋನಿನ ಏರುಪೇರು ಈ ಪಟ್ಟಿಯನ್ನು ಸಡಿಲಿಸುವುದುಂಟು. ಹತ್ತು ವರ್ಷಕ್ಕಿಂತ ಚಿಕ್ಕವರಲ್ಲಿ, ತೆಳ್ಳಗಿರುವವರಲ್ಲಿ ಜಾರಿದ್ದರೆ ಈ ಪರೀಕ್ಷೆ ತಪ್ಪಿಸಲೇಬಾರದು. ಬಲಗಾಲನ್ನು ಮರೆಯಬೇಡಿ. ಒಂದು ಕಡೆ ಜಾರಿದವರಲ್ಲಿ ಇನ್ನೊಂದು ಕಡೆಯೂ ಜಾರುವುದು ಅಪರೂಪವಲ್ಲ, ಅದೂ ಹೆಚ್ಚಾಗಿ ಮೊದಲ ಒಂದೂವರೆ ವರ್ಷದಲ್ಲಿ. ಕೆಲವರು ಎರಡಕ್ಕೂ ಒಟ್ಟಿಗೇ ಸ್ಕ್ರೂ ಹಾಕುತ್ತಾರೆ, ಕೆಲವರು ಕಾದು ನೋಡುತ್ತಾರೆ. ನಿಮ್ಮ ವೈದ್ಯರು ಕಾಯೋಣ ಎಂದಿದ್ದರೆ ಅವರು ಕರೆದಾಗಲೆಲ್ಲ ಎಕ್ಸ್‌ರೇಗೆ ಹೋಗಿ. ಬಲ ಮೊಣಕಾಲು ನೋಯುತ್ತದೆ ಎಂದು ಹುಡುಗ ಹೇಳಿದರೆ ಕರೆಯುವವರೆಗೂ ಕಾಯಬೇಡಿ.

ಅತ್ತೆಯವರಿಗೆ ಹೇಳಿ, ಹರಳೆಣ್ಣೆಯಿಂದ ಕೆಡುಕೇನೂ ಆಗಿಲ್ಲ. ತೂಕದ ವಿಷಯಕ್ಕೆ ಹುಡುಗನನ್ನು ಯಾರೂ ಹಂಗಿಸಬಾರದು. ಇಷ್ಟು ತಿಂಗಳು ನೋವಿನಲ್ಲಿ ಓಡಾಡಿದ್ದಾನೆ. ಸೋಮಾರಿಯಂತೂ ಅಲ್ಲ.

ಪ್ರಶ್ನೆ: ಆರು ವರ್ಷದ ಮಗ ಕುಂಟುತ್ತಾನೆ. ಪರ್ತಿಸ್ ಕಾಯಿಲೆ ಎಂದಿದ್ದಾರೆ. ಇದೂ ಸೊಂಟದ ಗುಂಡು ಜಾರುವುದೇ? ತೊಟ್ಟಿಲಿನಿಂದ ಬಿದ್ದದ್ದು ಕಾರಣವೇ?
– ಓದುಗ, ಕುಂದಾಪುರ

ಉತ್ತರ: ಎರಡೂ ಅಲ್ಲ. ಪರ್ತಿಸ್‌ನಲ್ಲಿ ಗುಂಡಿಗೆ ರಕ್ತದ ಪೂರೈಕೆ ಕಡಿಮೆಯಾಗಿ ಅದು ಮೆದುವಾಗುತ್ತದೆ, ಮತ್ತೆ ಒಂದೆರಡಲ್ಲ, ಮೂರು ನಾಲ್ಕು ವರ್ಷಗಳಲ್ಲಿ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಮೆದುವಾಗಿರುವ ಅವಧಿಯಲ್ಲಿ ಗುಂಡು ಬಟ್ಟಲಿನೊಳಗೇ ಇರುವಂತೆ ನೋಡಿಕೊಂಡರೆ ದುಂಡಗೇ ಉಳಿಯುವ ಸಾಧ್ಯತೆ ಹೆಚ್ಚು. ನಿಮ್ಮ ಕರಾವಳಿಗೂ ಈ ಕಾಯಿಲೆಗೂ ಹಳೆಯ ನಂಟಿದೆ. ಮಣಿಪಾಲದ ಡಾ. ಬೆಂಜಮಿನ್ ಜೋಸೆಫ್ ಮತ್ತು ಸಹೋದ್ಯೋಗಿಗಳು ಆ ಸೀಮೆಯ ಮಕ್ಕಳಲ್ಲಿ ಇದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಹತ್ತಿರದಲ್ಲೇ ಇಷ್ಟು ತಿಳಿದವರಿರುವಾಗ ದೂರ ಅಲೆಯಬೇಡಿ. ತೊಟ್ಟಿಲನ್ನು ದೂರಬೇಡಿ.

ಪ್ರಶ್ನೆ: ನಾನು ಪ್ರೌಢಶಾಲೆಯ ದೈಹಿಕ ಶಿಕ್ಷಕ. ನೆಪ ಹೇಳುವ ಹುಡುಗ ಯಾರು, ನಿಜವಾಗಿ ನೋವಿರುವವನು ಯಾರು, ತಿಳಿಯುವುದು ಹೇಗೆ?
– ಓದುಗ, ಹಾವೇರಿ

ಉತ್ತರ: ಮೇಷ್ಟ್ರೇ, ನೆಪ ಹೇಳುವವನು ಆಟದ ಪೀರಿಯಡ್ಡಿನಲ್ಲಿ ಮಾತ್ರ ಕುಂಟುತ್ತಾನೆ. ಊಟದ ಗಂಟೆ ಹೊಡೆದಾಗಲೂ ಕುಂಟುವವನನ್ನು ನಂಬಿ. ಒಂದು ಪಾದ ಹೊರಕ್ಕೆ ತಿರುಗಿದೆಯೇ ನೋಡಿ. ಕುಕ್ಕರಗಾಲಿನಲ್ಲಿ ಕೂರುವುದು ಕಷ್ಟವೇ ಎಂದು ಕೇಳಿ, ಕೂರಿಸಿ ನೋಡಬೇಡಿ. ಚಿಕಿತ್ಸಾಲಯದಲ್ಲಿ ನಾವು ಅಂಗಾತ ಮಲಗಿಸಿ ಮೊಣಕಾಲನ್ನು ಎದೆಯ ಕಡೆಗೆ ಮಡಿಸುತ್ತೇವೆ. ಜಾರಿದ ಕೀಲಿದ್ದರೆ ತೊಡೆ ನೇರವಾಗಿ ಬರದೆ ಹೊರಕ್ಕೆ ವಾಲುತ್ತದೆ. ಅದನ್ನು ನಮಗೇ ಬಿಡಿ. ಅನುಮಾನ ಬಂದರೆ ಹುಡುಗನನ್ನು ಕೂರಿಸಿ, ಮನೆಯವರಿಗೆ ಫೋನ್ ಮಾಡಿ, ಎರಡೂ ಸೊಂಟದ ಎಕ್ಸ್‌ರೇ, ಎದುರಿನಿಂದ ಒಂದು, ಪಕ್ಕದಿಂದ ಒಂದು, ಎಂದು ಚೀಟಿಯಲ್ಲೇ ಬರೆದುಕೊಡಿ. ಚಿಕಿತ್ಸೆಯಾಗಿ ಅವನು ಊರುಗೋಲಿನಲ್ಲಿ ಶಾಲೆಗೆ ಬಂದಾಗ ತರಗತಿ ಮಹಡಿಯಲ್ಲಿದ್ದರೆ ಮುಖ್ಯೋಪಾಧ್ಯಾಯರಿಗೆ ಹೇಳಿ ಕೆಳಗಿನ ಕೋಣೆಗೆ ತರಿಸಿ. ಪುಸ್ತಕದ ಚೀಲ ಹೊರಲು ಒಬ್ಬ ಗೆಳೆಯನನ್ನೂ ಗೊತ್ತುಮಾಡಿ.